ಹೆಸರು, ಸಂಖ್ಯೆ, ಗುಂಪು: ಯೂನಿಕ್ಸ್ ಮಾದರಿಯ ಗಣಕಗಳಲ್ಲಿ ಬಳಕೆದಾರರ ಖಾತೆಗಳ ವ್ಯವಸ್ಥೆ

೧. ವಿಷಯಪ್ರವೇಶ

ಒಂದೇ ಗಣಕಯಂತ್ರವನ್ನು ಅನೇಕರು ಬಳಸುವಲ್ಲಿ ಮೂರು ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಒಳಗೆ ಬಂದಿರುವವರು ಯಾರು? ಅವರು ಯಾವುದನ್ನು ಓದಬಹುದು, ಯಾವುದನ್ನು ತಿದ್ದಬಹುದು? ಅವರು ಸಂಸ್ಥೆಯನ್ನು ಬಿಟ್ಟುಹೋದ ಮೇಲೆ ಅವರು ಬರೆದಿಟ್ಟುದು ಯಾರ ವಶಕ್ಕೆ ಬರಬೇಕು? ಮೊದಲನೆಯದು ಗುರುತಿನ ಪ್ರಶ್ನೆ. ಎರಡನೆಯದು ಅಧಿಕಾರದ ಪ್ರಶ್ನೆ. ಮೂರನೆಯದು ಉತ್ತರಾಧಿಕಾರದ ಪ್ರಶ್ನೆ. ಸಂಸ್ಥೆಗಳ ಚರಿತ್ರೆಯನ್ನು ವ್ಯಾಸಂಗ ಮಾಡುವವರಿಗೆ ಈ ಮೂರೂ ಹೊಸವಲ್ಲ. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಯಾವುವು, ಅವು ಹೇಗೆ ಬೆಳೆದುಬಂದವು, ಅವುಗಳನ್ನು ಒಂದು ವಿಭಾಗದ ಗಣಕದಲ್ಲಿ ಹೇಗೆ ಅಳವಡಿಸಿಕೊಳ್ಳಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಇದು ಗಣಕಶಾಸ್ತ್ರಜ್ಞರಿಗೆ ಮಾತ್ರ ಸೇರಿದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಶಾಸನಗಳ ಛಾಯಾಚಿತ್ರಗಳು, ಹಸ್ತಪ್ರತಿಗಳ ಪ್ರತಿಬಿಂಬಗಳು, ಹಿರಿಯರ ಬಾಯಿಂದ ಕೇಳಿ ದಾಖಲಿಸಿಕೊಂಡ ನೆನಪುಗಳು, ಸಂಶೋಧನ ವಿದ್ಯಾರ್ಥಿಗಳ ಟಿಪ್ಪಣಿಗಳು, ಇವೆಲ್ಲವೂ ಇಂದು ಗಣಕಗಳಲ್ಲಿಯೇ ಶೇಖರವಾಗುತ್ತಿವೆ. ಒಂದು ಓಲೆಯ ಕಟ್ಟು ಯಾರ ಮನೆಯಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ವಿಚಾರಿಸದೆ ಇತಿಹಾಸಕಾರನು ಮುಂದುವರಿಯುವುದಿಲ್ಲ. ಅಂಥವನು ತನ್ನ ಆಕರಗಳನ್ನೇ ಕಾಯುತ್ತಿರುವ ಈ ಏರ್ಪಾಟನ್ನು ಅರಿಯದಿರುವುದು ಉಚಿತವಲ್ಲ.

ಯೂನಿಕ್ಸ್ ಮಾದರಿ ಎಂದರೆ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸಿನ ವಂಶಕ್ಕೆ ಸೇರಿದುವು, ಇಲ್ಲವೆ ಅದರ ಪದ್ಧತಿಯನ್ನು ಅನುಸರಿಸಿ ರಚಿತವಾದುವು ಎಂದರ್ಥ. ೧೯೯೧ರಲ್ಲಿ ಆರಂಭವಾದ ಲಿನಕ್ಸ್ ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿದೆ. ಮುಂದೆ ಕೊಡುವ ಉದಾಹರಣೆಗಳೆಲ್ಲ ಲಿನಕ್ಸಿಗೆ ಸಂಬಂಧಿಸಿದುವು.

೨. ಖಾತೆಯ ಉಗಮ

ಕನ್ನಡದಲ್ಲಿ ‘ಖಾತೆ’ ಎಂಬ ಮಾತಿಗೆ ಹಲವು ಬಳಕೆಗಳುಂಟು. ಜಮೀನಿನ ಖಾತೆ, ಅಂಗಡಿಯ ಖಾತೆ, ಮಂತ್ರಿಯ ಖಾತೆ ಎನ್ನುತ್ತೇವೆ. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಅಂಶವಿದೆ: ಖಾತೆಯೆಂದರೆ ಮನುಷ್ಯನಲ್ಲ, ಒಬ್ಬ ಮನುಷ್ಯನಿಗೂ ಒಂದು ವಸ್ತುವಿಗೂ ಅಥವಾ ಹೊಣೆಗೂ ಇರುವ ಸಂಬಂಧವನ್ನು ತಿಳಿಸುವ ದಾಖಲೆ. ಗಣಕದ ಖಾತೆಯೂ ಇಂಥದೇ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಆರಂಭದ ಗಣಕಗಳಿಗೆ ಖಾತೆಯ ಅಗತ್ಯವೇ ಇರಲಿಲ್ಲ. ಒಂದು ಹೊತ್ತಿಗೆ ಒಬ್ಬರ ಕೆಲಸ ಮಾತ್ರ ಯಂತ್ರದಲ್ಲಿ ನಡೆಯುತ್ತಿತ್ತು. ೧೯೬೧ರ ನವೆಂಬರಿನಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಫರ್ನಾಂಡೊ ಕಾರ್ಬಟೋ ಮತ್ತು ಅವರ ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿದರು. ಯಂತ್ರದ ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಹಂಚಿ, ಹಲವರು ಏಕಕಾಲದಲ್ಲಿ ಅದನ್ನು ಬಳಸುವಂತೆ ಮಾಡಿದುದು ಇದರ ವಿಶೇಷ. ಹೀಗೆ ಹಲವರು ಒಂದೆಡೆ ಸೇರಿದೊಡನೆಯೇ ಅವರವರ ಕಡತಗಳನ್ನು ಬೇರೆ ಬೇರೆಯಾಗಿಡುವುದೂ, ಅವರವರ ಪಾಲಿನ ಕಾಲವನ್ನು ಅಳೆಯುವುದೂ ಅವಶ್ಯಕವಾಯಿತು. ಹೆಸರು ಮತ್ತು ಪಾಸ್‌ವರ್ಡು, ಅಂದರೆ ಗುಪ್ತಪದ, ಈ ಅವಶ್ಯಕತೆಯ ಫಲ.

ಗುಪ್ತಪದದೊಡನೆಯೇ ಅದರ ಭಂಗವೂ ಹುಟ್ಟಿತೆಂದು ಹೇಳಬೇಕು. ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಲನ್ ಶೆರ್ ತಮಗೆ ಗೊತ್ತುಪಡಿಸಿದ್ದ ಯಂತ್ರಕಾಲ ಸಾಲದೆ ಹೋಗಲು, ೧೯೬೨ರಲ್ಲಿ ಗುಪ್ತಪದಗಳ ಕಡತವನ್ನೇ ಅಚ್ಚು ಮಾಡಿಕೊಡುವಂತೆ ರಂಧ್ರಪತ್ರದ ಮೂಲಕ ಯಂತ್ರಕ್ಕೆ ಕೋರಿಕೆ ಸಲ್ಲಿಸಿ, ಇತರರ ಪಾಲಿನ ಕಾಲವನ್ನು ಬಳಸಿಕೊಂಡರು. ಈ ಸಂಗತಿಯನ್ನು ಅವರೇ ಹಲವು ದಶಕಗಳ ಬಳಿಕ ಬಹಿರಂಗಪಡಿಸಿದರು. ಅದೇ ದಶಕದಲ್ಲಿ ಮತ್ತೊಂದು ಪ್ರಸಂಗವೂ ನಡೆಯಿತು. ಇಬ್ಬರು ಮೇಲ್ವಿಚಾರಕರು ಏಕಕಾಲದಲ್ಲಿ ಎರಡು ಬೇರೆ ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾದುವು. ಪರಿಣಾಮವಾಗಿ, ಆ ದಿನದ ಪ್ರಕಟಣೆ ಕಾಣಬೇಕಾದ ಸ್ಥಳದಲ್ಲಿ ಒಳಬಂದ ಪ್ರತಿಯೊಬ್ಬರಿಗೂ ಎಲ್ಲರ ಗುಪ್ತಪದಗಳೂ ಕಂಡವು. ಮೊದಲನೆಯ ಪ್ರಸಂಗದಲ್ಲಿ ದುರಾಶೆ, ಎರಡನೆಯದರಲ್ಲಿ ಅಕಸ್ಮಾತ್ತು. ಫಲ ಮಾತ್ರ ಒಂದೇ. ರಹಸ್ಯಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಆ ಬರಹವೇ ಅಪಾಯದ ಮೂಲ ಎಂಬ ಪಾಠ ಇದರಿಂದ ದೊರೆಯಿತು.

೩. ಏಳು ಅಂಕಣಗಳ ಸಾಲು

ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ರೂಪಿಸಿದ ಯೂನಿಕ್ಸಿನ ಮೊದಲ ಕೈಪಿಡಿಗೆ ೧೯೭೧ರ ನವೆಂಬರ್ ೩ರ ದಿನಾಂಕವಿದೆ. ಬಳಕೆದಾರರ ಪಟ್ಟಿಯನ್ನು ಸರಳವಾದ ಅಕ್ಷರಗಳ ಕಡತವೊಂದರಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಬರೆದಿಡುವ ಪದ್ಧತಿ ಆ ಕೈಪಿಡಿಯಲ್ಲಿಯೇ ಕಾಣುತ್ತದೆ. ಅರ್ಧಶತಮಾನಕ್ಕೂ ಹೆಚ್ಚು ಕಾಲ ಸಂದರೂ ಆ ಪದ್ಧತಿ ಅಳಿದಿಲ್ಲ. ಇಂದಿನ ಲಿನಕ್ಸಿನಲ್ಲಿ ‘ಎಟ್‌ಸಿ’ ಎಂಬ ಡೈರೆಕ್ಟರಿಯೊಳಗಿನ ಪಾಸ್‌ವರ್ಡ್ ಕಡತವನ್ನು ತೆರೆದರೆ ಈ ಬಗೆಯ ಸಾಲುಗಳು ಕಾಣುತ್ತವೆ. ಹೆಸರನ್ನೂ ಅಕ್ಷರಗಳನ್ನೂ ಕನ್ನಡಕ್ಕೆ ಹೊಂದಿಸಿ ಒಂದು ಮಾದರಿಯನ್ನು ಕೊಡುತ್ತೇವೆ:

ಶಾರದಾ:ಎಕ್ಸ್:೧೦೦೪:೧೦೦೪:ಶಾರದಾ, ಇತಿಹಾಸ ವಿಭಾಗ:/ಹೋಮ್/ಶಾರದಾ:/ಬಿನ್/ಬ್ಯಾಶ್

ಇದರಲ್ಲಿ ಏಳು ಅಂಕಣಗಳಿವೆ. ಮೊದಲನೆಯದು ಹೆಸರು. ಎರಡನೆಯದು ಹಿಂದೆ ಗುಪ್ತಪದವಿದ್ದ ಸ್ಥಾನ. ಈಗ ಅಲ್ಲಿ ‘ಎಕ್ಸ್’ ಅಕ್ಷರ ಮಾತ್ರ ಉಳಿದಿದೆ. ಮೂರನೆಯದು ಬಳಕೆದಾರರ ಸಂಖ್ಯೆ. ನಾಲ್ಕನೆಯದು ಅವರ ಪ್ರಧಾನ ಗುಂಪಿನ ಸಂಖ್ಯೆ. ಐದನೆಯದು ಪೂರ್ಣನಾಮ ಮುಂತಾದ ವಿವರ. ಆರನೆಯದು ಅವರ ಸ್ವಂತ ಡೈರೆಕ್ಟರಿ, ಅಂದರೆ ಅವರ ಮನೆ. ಏಳನೆಯದು ಅವರು ಒಳಬಂದೊಡನೆ ಅವರ ಆದೇಶಗಳನ್ನು ಸ್ವೀಕರಿಸಲು ಸಿದ್ಧವಾಗುವ ಶೆಲ್ ಎಂಬ ಕಾರ್ಯಕ್ರಮ.

ಐದನೆಯ ಅಂಕಣದ ಹೆಸರಿನಲ್ಲಿ ಒಂದು ಚಾರಿತ್ರಿಕ ಅವಶೇಷ ಅಡಗಿದೆ. ಅದನ್ನು ಇಂದಿಗೂ ‘ಜಿಕಾಸ್’ ಎಂದು ಕರೆಯುತ್ತಾರೆ. ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಗಣಕಗಳಿಗಾಗಿ ರಚಿತವಾಗಿದ್ದ ಬೇರೊಂದು ವ್ಯವಸ್ಥೆಯ ಹೆಸರು ಅದು. ಬೆಲ್ ಪ್ರಯೋಗಾಲಯದ ಯೂನಿಕ್ಸ್ ಯಂತ್ರಗಳಿಂದ ಅಚ್ಚಿನ ಕೆಲಸವನ್ನು ಆ ದೊಡ್ಡ ಯಂತ್ರಕ್ಕೆ ಕಳುಹಿಸುತ್ತಿದ್ದುದರಿಂದ, ಅಲ್ಲಿ ಬೇಕಾಗುವ ಗುರುತನ್ನು ಈ ಅಂಕಣದಲ್ಲಿ ಬರೆಯುತ್ತಿದ್ದರು. ಆ ಯಂತ್ರಗಳು ಹೋಗಿ ಎಷ್ಟೋ ಕಾಲವಾಯಿತು. ಅಂಕಣವೂ ಹೆಸರೂ ಉಳಿದುಕೊಂಡಿವೆ. ಪಾಳುಬಿದ್ದ ಕೋಟೆಯ ಹೆಸರು ಊರಿನ ಬೀದಿಯೊಂದಕ್ಕೆ ಉಳಿದಿರುವಂತೆ ಇದು.

ಮೇಲಿನ ಏಳರಲ್ಲಿ ಅತ್ಯಂತ ಮುಖ್ಯವಾದುದು ಮೂರನೆಯದು. ಯಂತ್ರದ ಅಂತರಂಗಕ್ಕೆ ‘ಶಾರದಾ’ ಎಂಬ ಹೆಸರು ಗೊತ್ತಿಲ್ಲ. ೧೦೦೪ ಎಂಬ ಸಂಖ್ಯೆ ಮಾತ್ರ ಗೊತ್ತು. ಆಕೆ ರಚಿಸಿದ ಪ್ರತಿಯೊಂದು ಕಡತದ ಮೇಲೂ ಒಡೆಯರ ಗುರುತಾಗಿ ಬರೆಯಲ್ಪಡುವುದು ಆ ಸಂಖ್ಯೆಯೇ. ಕಡತಗಳ ಪಟ್ಟಿಯನ್ನು ಕೇಳಿದಾಗ ಯಂತ್ರವು ಪಾಸ್‌ವರ್ಡ್ ಕಡತವನ್ನು ನೋಡಿ, ಸಂಖ್ಯೆಯ ಬದಲಿಗೆ ಹೆಸರನ್ನು ನಮಗೆ ತೋರಿಸುತ್ತದೆ, ಅಷ್ಟೆ. ಆದುದರಿಂದ ಒಂದು ಗಣಕದ ಡಿಸ್ಕನ್ನು ಕಳಚಿ ಇನ್ನೊಂದಕ್ಕೆ ಜೋಡಿಸಿದಾಗ, ಅಲ್ಲಿ ೧೦೦೪ ಬೇರೊಬ್ಬರ ಸಂಖ್ಯೆಯಾಗಿದ್ದರೆ, ಶಾರದಾ ಅವರ ಕಡತಗಳೆಲ್ಲ ಆ ಮತ್ತೊಬ್ಬರವೆಂದು ಪಟ್ಟಿಯಲ್ಲಿ ಕಾಣಿಸುತ್ತವೆ. ಆಕರದ ಪೂರ್ವಾಪರವನ್ನು ಪರಿಶೀಲಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಡತದ ಮೇಲೆ ಕಾಣುವ ಒಡೆಯರ ಹೆಸರು ಮೂಲಸಾಕ್ಷ್ಯವಲ್ಲ. ಅದು ಆ ಹೊತ್ತಿನ, ಆ ಯಂತ್ರದ ವ್ಯಾಖ್ಯಾನ.

ಸಂಖ್ಯೆಗಳಲ್ಲಿಯೂ ಶ್ರೇಣಿಯುಂಟು. ಸೊನ್ನೆ ‘ರೂಟ್’ ಎಂಬ ಸರ್ವಾಧಿಕಾರಿಯ ಸಂಖ್ಯೆ. ಲಿನಕ್ಸಿನ ಪ್ರಚಲಿತ ವಿತರಣೆಗಳಲ್ಲಿ ಸಾವಿರಕ್ಕಿಂತ ಕೆಳಗಿನವು ಯಂತ್ರದ ಸೇವಾಕಾರ್ಯಗಳಿಗೆ ಮೀಸಲು. ಮನುಷ್ಯರ ಖಾತೆಗಳು ೧೦೦೦ದಿಂದ ಆರಂಭವಾಗುತ್ತವೆ. ಅಂಚೆಯನ್ನು ಸಾಗಿಸುವ ಕಾರ್ಯಕ್ರಮಕ್ಕೂ ಅಚ್ಚಿನ ಸರದಿಯನ್ನು ನೋಡಿಕೊಳ್ಳುವ ಕಾರ್ಯಕ್ರಮಕ್ಕೂ ಪ್ರತ್ಯೇಕ ಖಾತೆಗಳಿರುವುದುಂಟು. ಖಾತೆಯೆಂದರೆ ಮನುಷ್ಯನಲ್ಲವೆಂದು ಮೇಲೆ ಹೇಳಿದುದಕ್ಕೆ ಇದು ನಿದರ್ಶನ.

೪. ಗುಪ್ತಪದ ಬಯಲಿನಿಂದ ನೆರಳಿಗೆ ಸರಿದುದು

ಯೂನಿಕ್ಸಿನ ಆರಂಭಕಾಲದಲ್ಲಿ ಗುಪ್ತಪದಗಳನ್ನು ಇದ್ದ ಹಾಗೆಯೇ ಬರೆದಿಟ್ಟು, ಆ ಕಡತವನ್ನು ಇತರರು ಓದದಂತೆ ಕಾಯುತ್ತಿದ್ದರು. ಈ ಕ್ರಮದ ದೌರ್ಬಲ್ಯವನ್ನು ಸಿಟಿಎಸ್‌ಎಸ್ ಪ್ರಸಂಗಗಳೇ ತೋರಿಸಿದ್ದವು. ಬಳಿಕ ಗುಪ್ತಪದವನ್ನು ಹಿಂದಕ್ಕೆ ತಿರುಗಿಸಲಾಗದ ರೀತಿಯಲ್ಲಿ ಮಾರ್ಪಡಿಸಿ, ಆ ಮಾರ್ಪಟ್ಟ ರೂಪವನ್ನು ಮಾತ್ರ ಬರೆದಿಡುವ ಪದ್ಧತಿ ಬಂತು. ಬಳಕೆದಾರರು ಒಳಬರುವಾಗ ಕೊಟ್ಟ ಪದವನ್ನು ಯಂತ್ರವು ಅದೇ ರೀತಿ ಮಾರ್ಪಡಿಸಿ, ಬರೆದಿಟ್ಟ ರೂಪದೊಡನೆ ಹೋಲಿಸಿ ನೋಡುತ್ತದೆ. ಮೂಲಪದ ಎಲ್ಲಿಯೂ ಇರುವುದಿಲ್ಲವಾದ್ದರಿಂದ ಕಡತವನ್ನು ಯಾರು ಓದಿದರೂ ಬಾಧಕವಿಲ್ಲವೆಂದು ಭಾವಿಸಲಾಯಿತು.

ಈ ಭಾವನೆ ಎಷ್ಟು ಸರಿ ಎಂಬುದನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು ೧೯೭೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪರೀಕ್ಷಿಸಿದ್ದಾರೆ. ಅವರು ಸಂಗ್ರಹಿಸಿದ ೩,೨೮೯ ಗುಪ್ತಪದಗಳಲ್ಲಿ ೨,೮೩೧, ಎಂದರೆ ನೂರಕ್ಕೆ ೮೬, ತೀರ ಚಿಕ್ಕವು ಅಥವಾ ನಿಘಂಟುಗಳಲ್ಲಿ ಸುಲಭವಾಗಿ ದೊರೆಯುವಂಥವು. ಹದಿನೈದು ಮಂದಿಯ ಗುಪ್ತಪದ ಒಂದೇ ಒಂದು ಅಕ್ಷರದ್ದಾಗಿತ್ತು. ಬೀಗ ಎಷ್ಟೇ ಗಟ್ಟಿಯಾದರೂ ಬೀಗದ ಕೈ ಊಹೆಗೆ ಸಿಕ್ಕುವಂತಿದ್ದರೆ ಪ್ರಯೋಜನವಿಲ್ಲವಷ್ಟೆ. ಆದಕಾರಣ ಅವರು ಎರಡು ಉಪಾಯಗಳನ್ನು ಅಳವಡಿಸಿದರು. ಮಾರ್ಪಾಡಿನ ಕ್ರಿಯೆಯನ್ನು ಇಪ್ಪತ್ತೈದು ಸಲ ಆವರ್ತಿಸಿ ಬೇಕೆಂದೇ ನಿಧಾನಗೊಳಿಸಿದುದು ಒಂದು. ಪ್ರತಿಯೊಬ್ಬರ ಪದಕ್ಕೂ ೪,೦೯೬ ಬಗೆಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆಯ್ದು ಬೆರೆಸಿದುದು ಇನ್ನೊಂದು. ಬೆರೆಸುವ ಈ ಅಂಶವನ್ನು ‘ಉಪ್ಪು’ ಎಂದೇ ಕರೆದರು. ಇದರಿಂದ ಇಬ್ಬರ ಗುಪ್ತಪದ ಒಂದೇ ಆಗಿದ್ದರೂ ಬರೆದಿಟ್ಟ ರೂಪಗಳು ಸಾಮಾನ್ಯವಾಗಿ ಬೇರೆಯಾಗುತ್ತವೆ. ಒಮ್ಮೆ ಸಿದ್ಧಪಡಿಸಿದ ಪಟ್ಟಿಯೊಂದನ್ನು ಹಿಡಿದು ಎಲ್ಲರ ಬೀಗಗಳನ್ನೂ ತೆರೆಯಲಾಗುವುದಿಲ್ಲ.

ಆದರೆ ಯಂತ್ರಗಳ ವೇಗ ಬೆಳೆಯುತ್ತಲೇ ಇತ್ತು. ೧೯೮೮ರ ನವೆಂಬರ್ ೨ರಂದು ಅಂತರ್ಜಾಲದಲ್ಲಿ ಹಬ್ಬಿದ ಕುಖ್ಯಾತ ‘ಹುಳು’ ಎಲ್ಲರೂ ಓದಬಹುದಾಗಿದ್ದ ಪಾಸ್‌ವರ್ಡ್ ಕಡತವನ್ನು ಓದಿ, ಬಳಕೆದಾರರ ಹೆಸರುಗಳನ್ನೇ ತಿರುಗಿಸಿ ಮುರುಗಿಸಿ ಪ್ರಯೋಗಿಸಿ, ಬಳಿಕ ತನ್ನೊಳಗೇ ಇದ್ದ ೪೩೨ ಪದಗಳ ಪಟ್ಟಿಯಿಂದ ಗುಪ್ತಪದಗಳನ್ನು ಊಹಿಸಿತು. ಅದನ್ನು ರಚಿಸಿದ ರಾಬರ್ಟ್ ಟಪ್ಪನ್ ಮಾರಿಸ್ ಎಂಬ ವಿದ್ಯಾರ್ಥಿಯು ಮೇಲೆ ಹೇಳಿದ ೧೯೭೯ರ ಪ್ರಬಂಧದ ಕರ್ತೃಗಳಲ್ಲೊಬ್ಬರ ಮಗನೇ ಆಗಿದ್ದುದು ಈ ಚರಿತ್ರೆಯ ಒಂದು ವಿಚಿತ್ರ. ಎಂಬತ್ತರ ದಶಕದ ಉತ್ತರಾರ್ಧದಿಂದ ಗುಪ್ತಪದದ ಮಾರ್ಪಟ್ಟ ರೂಪವನ್ನೂ ಪ್ರತ್ಯೇಕಿಸಿ, ರೂಟ್ ಮಾತ್ರ ಓದಬಲ್ಲ ‘ಶ್ಯಾಡೋ’ ಎಂಬ ಕಡತಕ್ಕೆ ಸಾಗಿಸುವುದು ರೂಢಿಯಾಯಿತು. ಶ್ಯಾಡೋ ಎಂದರೆ ನೆರಳು. ಎರಡನೆಯ ಅಂಕಣದಲ್ಲಿ ‘ಎಕ್ಸ್’ ಮಾತ್ರ ಉಳಿದಿರುವುದಕ್ಕೆ ಕಾರಣ ಇದೇ.

ಹಳೆಯ ಪದ್ಧತಿಯ ಆಯುಷ್ಯ ಎಷ್ಟೆಂಬುದಕ್ಕೆ ೨೦೧೯ರ ಒಂದು ಸಂಗತಿ ಸಾಕ್ಷಿ. ಬರ್ಕ್ಲಿ ವಿಶ್ವವಿದ್ಯಾನಿಲಯದ ಯೂನಿಕ್ಸಿನ ಪುರಾತನ ಪ್ರತಿಯೊಂದರಲ್ಲಿ ಉಳಿದುಬಂದಿದ್ದ ಪಾಸ್‌ವರ್ಡ್ ಕಡತವನ್ನು ಆಸಕ್ತರು ಪರಿಶೀಲಿಸಿ, ಸ್ವತಃ ಥಾಂಪ್ಸನ್ನರ ಗುಪ್ತಪದವನ್ನು ಆ ವರ್ಷ ಬಿಡಿಸಿದರು. ಎಂಟು ಚಿಹ್ನೆಗಳ ಆ ಪದ ಚದುರಂಗದ ಒಂದು ಆರಂಭದ ನಡೆ: ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ನಡೆಸುವುದು. ಥಾಂಪ್ಸನ್ನರು ಚದುರಂಗದ ಯಂತ್ರವನ್ನೂ ನಿರ್ಮಿಸಿದ್ದವರು. ಸುಮಾರು ನಾಲ್ಕು ದಶಕಗಳ ಕಾಲ ಗೂಢವಾಗಿದ್ದ ದಾಖಲೆಯೊಂದು ಕೊನೆಗೆ ಅದನ್ನು ಬರೆದವರ ಅಭಿರುಚಿಯನ್ನು ಹೊರಗೆಡಹಿತು.

೫. ಗುಂಪಿನ ಕಲ್ಪನೆ

ಇನ್ನು ಅಧಿಕಾರದ ಪ್ರಶ್ನೆ. ೧೯೭೧ರ ಕೈಪಿಡಿಯಲ್ಲಿ ಎರಡೇ ವರ್ಗಗಳಿವೆ: ಕಡತದ ಒಡೆಯ ಮತ್ತು ಒಡೆಯನಲ್ಲದವರು. ಈ ವಿಭಾಗ ಒಂಟಿಯಾಗಿ ದುಡಿಯುವವರಿಗೆ ಸಾಕು. ಜೊತೆಗೂಡಿ ದುಡಿಯುವವರಿಗೆ ಸಾಲದು. ಐವರು ಸೇರಿ ಒಂದು ಕೆಲಸವನ್ನು ಮಾಡುತ್ತಿದ್ದರೆ ಕಡತವನ್ನು ಒಬ್ಬರೇ ತಿದ್ದುವಂತಿರಬೇಕು, ಇಲ್ಲವೆ ಲೋಕವೆಲ್ಲ ತಿದ್ದುವಂತಿರಬೇಕು, ನಡುವಣ ದಾರಿಯಿಲ್ಲ. ಎಪ್ಪತ್ತರ ದಶಕದ ಮಧ್ಯಭಾಗದ ಹೊತ್ತಿಗೆ ಈ ನಡುವಣ ದಾರಿಯಾಗಿ ಗುಂಪು ಸೇರಿತು. ಅಂದಿನಿಂದ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು ‘ಇತರರು’. ಈ ಮೂರು ವರ್ಗಗಳಲ್ಲಿ ಒಂದೊಂದಕ್ಕೂ ಓದುವ, ಬರೆಯುವ, ನಡೆಸುವ ಮೂರು ಅನುಮತಿಗಳು, ಒಟ್ಟು ಒಂಬತ್ತು. ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಬೆಲೆಕಟ್ಟಿ ಕೂಡಿಸಿದರೆ ಒಂದೊಂದು ವರ್ಗಕ್ಕೂ ಒಂದೊಂದು ಅಂಕ ಬರುತ್ತದೆ. ೭೫೦ ಎಂದರೆ ಒಡೆಯನಿಗೆ ಎಲ್ಲವೂ, ಗುಂಪಿಗೆ ಓದುವುದು ಮತ್ತು ನಡೆಸುವುದು, ಇತರರಿಗೆ ಏನೂ ಇಲ್ಲ ಎಂದು ತಿಳಿಯಬೇಕು.

ಡೈರೆಕ್ಟರಿಯ ವಿಷಯದಲ್ಲಿ ಈ ಮಾತುಗಳ ಅರ್ಥ ಕೊಂಚ ಬೇರೆ. ಅಲ್ಲಿ ‘ಓದುವುದು’ ಎಂದರೆ ಒಳಗಿರುವ ಹೆಸರುಗಳ ಪಟ್ಟಿಯನ್ನು ನೋಡುವುದು. ‘ನಡೆಸುವುದು’ ಎಂದರೆ ಒಳಗೆ ಪ್ರವೇಶಿಸುವುದು. ‘ಬರೆಯುವುದು’ ಎಂದರೆ ಹೆಸರುಗಳನ್ನು ಸೇರಿಸುವುದು ಮತ್ತು ತೆಗೆಯುವುದು. ಆದುದರಿಂದ ಒಂದು ಕಡತವನ್ನು ತಿದ್ದುವ ಅನುಮತಿ ಇಲ್ಲದವನೂ ಅದಿರುವ ಡೈರೆಕ್ಟರಿಯಲ್ಲಿ ಬರೆಯುವ ಅನುಮತಿ ಇದ್ದರೆ ಸಾಮಾನ್ಯವಾಗಿ ಆ ಕಡತವನ್ನು ಅಳಿಸಿಬಿಡಬಲ್ಲ. ಕಡತವನ್ನು ಭದ್ರಪಡಿಸಿ ಡೈರೆಕ್ಟರಿಯನ್ನು ಮರೆಯುವವರು ಅನೇಕರು.

ಗುಂಪುಗಳ ಪಟ್ಟಿ ‘ಗ್ರೂಪ್’ ಎಂಬ ಕಡತದಲ್ಲಿದೆ. ಅದರಲ್ಲಿ ಸಾಲಿಗೆ ನಾಲ್ಕು ಅಂಕಣಗಳು: ಗುಂಪಿನ ಹೆಸರು, ಗುಂಪಿನ ಗುಪ್ತಪದದ ಸ್ಥಾನ, ಸಂಖ್ಯೆ, ಸದಸ್ಯರ ಹೆಸರುಗಳು. ಮೊದಮೊದಲು ಒಬ್ಬನು ಒಂದು ಹೊತ್ತಿಗೆ ಒಂದೇ ಗುಂಪಿನ ಸದಸ್ಯನಾಗಿ ವರ್ತಿಸಬಹುದಾಗಿತ್ತು. ಇನ್ನೊಂದು ಗುಂಪಿನ ಕೆಲಸಕ್ಕೆ ‘ನ್ಯೂಜಿಆರ್‌ಪಿ’ ಎಂಬ ಆದೇಶದಿಂದ ಗುಂಪನ್ನು ಬದಲಿಸಿಕೊಳ್ಳಬೇಕಾಗಿತ್ತು. ೧೯೮೩ರಲ್ಲಿ ಬರ್ಕ್ಲಿಯಿಂದ ಹೊರಬಂದ ೪.೨ ಬಿಎಸ್‌ಡಿ ಆವೃತ್ತಿಯು ಒಬ್ಬನು ಏಕಕಾಲದಲ್ಲಿ ಹಲವು ಗುಂಪುಗಳಲ್ಲಿರುವ ಅವಕಾಶವನ್ನು ಕಲ್ಪಿಸಿತು. ಇಂದಿನ ಪದ್ಧತಿ ಅದೇ: ಒಂದು ಪ್ರಧಾನ ಗುಂಪು, ಹಲವು ಉಪಗುಂಪುಗಳು.

ಗುಂಪಿನ ತಾತ್ಪರ್ಯವೇನು? ನಮ್ಮ ಶಾಸನಗಳಲ್ಲಿ ಅಗ್ರಹಾರದ ದತ್ತಿಯನ್ನು ಮಹಾಜನರೆಂಬ ಸಮುದಾಯಕ್ಕೆ ಬಿಟ್ಟಿರುವುದನ್ನು ಕಾಣುತ್ತೇವೆ. ಆ ಮಹಾಜನರಲ್ಲಿ ಇಂದು ಒಬ್ಬರು ಗತಿಸಬಹುದು, ನಾಳೆ ಇನ್ನೊಬ್ಬರು ಸೇರಬಹುದು. ಸಮುದಾಯಕ್ಕೆ ಬಿಟ್ಟುದು ಸಮುದಾಯದಲ್ಲಿಯೇ ಉಳಿಯುತ್ತದೆ. ಗಣಕದ ಗುಂಪಿನ ಪ್ರಯೋಜನವೂ ಇದೇ. ಹಕ್ಕು ವ್ಯಕ್ತಿಗೆ ಅಂಟಿಕೊಳ್ಳುವ ಬದಲು ಕರ್ತವ್ಯಕ್ಕೆ ಅಂಟಿಕೊಂಡಿರುತ್ತದೆ.

೬. ಒಂದು ವಿಭಾಗದ ಗಣಕ

ಒಂದು ಇತಿಹಾಸ ವಿಭಾಗವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಎರಡು ಕೆಲಸಗಳು ನಡೆಯುತ್ತಿವೆ. ಒಂದು, ಶಾಸನಗಳ ಛಾಯಾಚಿತ್ರ ಮತ್ತು ಪಾಠಗಳ ಸಂಗ್ರಹ. ಇದನ್ನು ಶಾರದಾ, ಬಸವರಾಜ ಎಂಬಿಬ್ಬರು ನೋಡಿಕೊಳ್ಳುತ್ತಾರೆ. ಇನ್ನೊಂದು, ಹಿರಿಯರ ಸಂದರ್ಶನಗಳ ಧ್ವನಿಮುದ್ರಣ. ಇದು ಶಾರದಾ ಮತ್ತು ಫಾತಿಮಾ ಅವರ ಹೊಣೆ. ಮಾತಾಡಿದವರಿಗೆ ಹೆಸರನ್ನು ಬಹಿರಂಗಪಡಿಸುವುದಿಲ್ಲವೆಂದು ಮಾತು ಕೊಟ್ಟಿರುವುದರಿಂದ ಎರಡನೆಯ ಸಂಗ್ರಹ ಇತರರ ಕಣ್ಣಿಗೆ ಬೀಳಬಾರದು.

ಸಾಮಾನ್ಯವಾಗಿ ನಡೆಯುವ ಕ್ರಮವೆಂದರೆ, ‘ಇತಿಹಾಸ’ ಎಂಬ ಒಂದೇ ಖಾತೆಯನ್ನು ತೆರೆದು ಅದರ ಗುಪ್ತಪದವನ್ನು ಎಲ್ಲರಿಗೂ ಹೇಳುವುದು. ಇದು ಸುಲಭ, ಆದರೆ ಸರ್ವಥಾ ಸಲ್ಲದು. ಯಾರು ಯಾವ ಪಾಠವನ್ನು ತಿದ್ದಿದರೆಂಬುದು ಆಗ ಎಂದೂ ತಿಳಿಯುವುದಿಲ್ಲ. ಒಬ್ಬರು ಬಿಟ್ಟುಹೋದರೆ ಎಲ್ಲರೂ ಹೊಸ ಗುಪ್ತಪದವನ್ನು ಕಲಿಯಬೇಕಾಗುತ್ತದೆ. ಹಾಗೆ ಮಾಡದಿದ್ದರೆ ಹೋದವರು ಹೋದಂತಾಗುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ಮೊದಲು ‘ಯೂಸರ್‌ಆಡ್’ ಆದೇಶದಿಂದ ಮೂವರಿಗೂ ಪ್ರತ್ಯೇಕ ಖಾತೆಗಳನ್ನು ತೆರೆಯಬೇಕು. ‘ಗ್ರೂಪ್‌ಆಡ್’ ಆದೇಶದಿಂದ ‘ಶಾಸನ’, ‘ಸಂದರ್ಶನ’ ಎಂಬ ಎರಡು ಗುಂಪುಗಳನ್ನು ರಚಿಸಬೇಕು. ಅನಂತರ ‘ಯೂಸರ್‌ಮಾಡ್’ ಆದೇಶದಿಂದ ಅವರವರನ್ನು ಅವರವರ ಗುಂಪಿಗೆ ಸೇರಿಸಬೇಕು. ಈ ಆದೇಶದಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯಕ. ಉಪಗುಂಪನ್ನು ಸೂಚಿಸುವ ದೊಡ್ಡಕ್ಷರದ ‘ಜಿ’ಯೊಡನೆ, ‘ಇದ್ದುದಕ್ಕೆ ಸೇರಿಸು’ ಎಂಬರ್ಥದ ಚಿಕ್ಕಕ್ಷರದ ‘ಎ’ಯನ್ನು ಬರೆಯದಿದ್ದರೆ, ಹೊಸದಾಗಿ ಹೇಳಿದ ಗುಂಪು ಉಳಿದು, ಹಿಂದೆ ಇದ್ದ ಉಪಗುಂಪುಗಳೆಲ್ಲ ತಪ್ಪಿಹೋಗುತ್ತವೆ. ಶಾರದಾ ಅವರನ್ನು ‘ಸಂದರ್ಶನ’ಕ್ಕೆ ಸೇರಿಸಹೋಗಿ ‘ಶಾಸನ’ದಿಂದ ಹೊರಹಾಕಿದಂತಾಗುತ್ತದೆ. ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹೊಸ ಸದಸ್ಯತ್ವವು ಆ ಬಳಕೆದಾರರು ಒಮ್ಮೆ ಹೊರಹೋಗಿ ಮತ್ತೆ ಒಳಬಂದಾಗ ಜಾರಿಗೆ ಬರುತ್ತದೆ ಎಂಬುದನ್ನೂ ನೆನಪಿಡಬೇಕು.

ಮುಂದೆ ಎರಡು ಡೈರೆಕ್ಟರಿಗಳನ್ನು ನಿರ್ಮಿಸಿ, ‘ಸಿಎಚ್‌ಜಿಆರ್‌ಪಿ’ ಆದೇಶದಿಂದ ಒಂದೊಂದನ್ನು ಒಂದೊಂದು ಗುಂಪಿಗೆ ಒಪ್ಪಿಸಿ, ‘ಸಿಎಚ್‌ಮಾಡ್’ ಆದೇಶದಿಂದ ೨೭೭೦ ಎಂಬ ಅನುಮತಿಯನ್ನು ಕೊಡಬೇಕು. ಕೊನೆಯ ಮೂರು ಅಂಕಗಳ ಅರ್ಥ ಮೇಲೆ ಹೇಳಿದ್ದೇವೆ: ಒಡೆಯನಿಗೂ ಗುಂಪಿಗೂ ಎಲ್ಲ ಅನುಮತಿ, ಇತರರಿಗೆ ಪ್ರವೇಶವಿಲ್ಲ. ಮುಂದಿರುವ ೨ ವಿಶೇಷವಾದುದು. ಅದಿದ್ದರೆ ಆ ಡೈರೆಕ್ಟರಿಯಲ್ಲಿ ಯಾರೇ ಹೊಸ ಕಡತವನ್ನು ರಚಿಸಲಿ, ಅದು ಅವರ ಪ್ರಧಾನ ಗುಂಪಿಗೆ ಸೇರದೆ ಡೈರೆಕ್ಟರಿಯ ಗುಂಪಿಗೇ ಸೇರುತ್ತದೆ. ಇದನ್ನು ಮರೆತರೆ ಬಸವರಾಜರು ಬರೆದ ಪಾಠ ಅವರ ಸ್ವಂತ ಗುಂಪಿನಲ್ಲಿ ಉಳಿದು ಶಾರದಾ ಅವರಿಗೆ ಎಟುಕದೆ ಹೋಗಬಹುದು. ಇದರ ಜೊತೆಗೆ ಹೊಸ ಕಡತಗಳ ಅನುಮತಿಯನ್ನು ನಿಯಂತ್ರಿಸುವ ‘ಯೂಮಾಸ್ಕ್’ ಬೆಲೆಯನ್ನೂ ನೋಡಿಕೊಳ್ಳಬೇಕು. ಅದು ೦೨೨ ಆಗಿದ್ದರೆ ಗುಂಪಿನವರು ಓದಬಹುದು, ತಿದ್ದಲಾಗದು. ೦೦೭ ಆಗಿದ್ದರೆ ಗುಂಪಿನವರು ತಿದ್ದಬಹುದು, ಇತರರಿಗೆ ಏನೂ ಕಾಣದು.

೭. ಸರ್ವಾಧಿಕಾರ ಮತ್ತು ಅದರ ಮಿತಿ

ಸೊನ್ನೆಯ ಸಂಖ್ಯೆಯ ರೂಟಿಗೆ ಈ ಅನುಮತಿಗಳು ಅಡ್ಡಿಬರುವುದಿಲ್ಲ. ಎಲ್ಲ ಕಡತಗಳನ್ನೂ ಅವನು ಓದಬಲ್ಲ, ಅಳಿಸಬಲ್ಲ. ಇಂಥ ಅಧಿಕಾರವನ್ನು ಅಗತ್ಯವಿದ್ದಷ್ಟೇ, ಅಗತ್ಯವಿದ್ದಾಗಲೇ ಹೇಗೆ ಕೊಡಬೇಕು ಎಂಬುದು ಹಳೆಯ ಸಮಸ್ಯೆ. ಸಾಮಾನ್ಯ ಬಳಕೆದಾರನು ತನ್ನ ಗುಪ್ತಪದವನ್ನು ಬದಲಿಸಬೇಕಾದರೂ ತಾನು ಮುಟ್ಟಲಾಗದ ಕಡತವೊಂದು ತಿದ್ದುಪಡಿಯಾಗಬೇಕು. ಇದಕ್ಕೆ ರಿಚಿಯವರು ಕಂಡುಕೊಂಡ ಉಪಾಯ, ನಡೆಸಿದವರು ಯಾರೇ ಆಗಿರಲಿ, ಕಾರ್ಯಕ್ರಮವು ತನ್ನ ಒಡೆಯನ ಅಧಿಕಾರದಿಂದ ನಡೆಯುವಂತೆ ಅದಕ್ಕೊಂದು ಗುರುತನ್ನು ಹಾಕುವುದು. ಇದಕ್ಕೆ ೧೯೭೯ರಲ್ಲಿ ಅವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ೧೯೮೦ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾನಿಲಯದ ಬಫಲೊ ಕೇಂದ್ರದ ಗಣಕವಿಜ್ಞಾನ ವಿಭಾಗದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಅವರು ‘ಸುಡೊ’ ಎಂಬ ಕಾರ್ಯಕ್ರಮವನ್ನು ರಚಿಸಿದರು. ಇದರಿಂದ ರೂಟಿನ ಗುಪ್ತಪದವನ್ನು ಹಂಚದೆಯೇ, ಇಂಥವರು ಇಂಥ ಆದೇಶವನ್ನು ಮಾತ್ರ ನಡೆಸಬಹುದೆಂದು ಗೊತ್ತುಪಡಿಸಲು ಸಾಧ್ಯವಾಯಿತು. ನಡೆಸಿದುದಕ್ಕೆ ದಾಖಲೆಯೂ ಉಳಿಯುತ್ತದೆ.

ಈ ವಿಷಯದಲ್ಲಿ ಭಿನ್ನಾಭಿಪ್ರಾಯವೂ ಇತ್ತೆಂಬುದನ್ನು ಹೇಳದಿರಲಾಗದು. ಬರ್ಕ್ಲಿಯ ಸಂಪ್ರದಾಯದಲ್ಲಿ ‘ವೀಲ್’ ಎಂಬ ಗುಂಪಿನವರು ಮಾತ್ರ ರೂಟ್ ಆಗಬಹುದಾಗಿತ್ತು. ರಿಚರ್ಡ್ ಸ್ಟಾಲ್‌ಮನ್ ಅವರು ತಮ್ಮ ಗ್ನೂ ಯೋಜನೆಯ ಕಾರ್ಯಕ್ರಮದಲ್ಲಿ ಈ ನಿರ್ಬಂಧವನ್ನು ಬೇಕೆಂದೇ ಬಿಟ್ಟುಬಿಟ್ಟು, ಅದಕ್ಕೆ ಕಾರಣವನ್ನು ಕೈಪಿಡಿಯಲ್ಲಿ ಬರೆದರು. ೧೯೮೪ರಲ್ಲಿ ತಮ್ಮ ಪ್ರಯೋಗಾಲಯದ ಕೆಲವರು ಗುಪ್ತಪದವನ್ನು ಬದಲಿಸಿ ಇತರರಿಂದ ಮರೆಮಾಡಿ ಅಧಿಕಾರವನ್ನು ಕೈಗೆ ತೆಗೆದುಕೊಂಡರೆಂದೂ, ಅಂಥ ಕೆಲವರ ಆಳ್ವಿಕೆಗೆ ತಾವು ನೆರವಾಗಲಾರೆವೆಂದೂ ಅವರ ವಾದದ ಸಾರಾಂಶ. ಈ ವಾದವನ್ನು ಒಪ್ಪಲಿ ಬಿಡಲಿ, ಬಳಕೆದಾರರ ಪಟ್ಟಿ ಕೇವಲ ತಾಂತ್ರಿಕ ಸಾಮಗ್ರಿಯಲ್ಲ, ಅದೊಂದು ಆಡಳಿತದ ರೂಪ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಿಭಾಗದಲ್ಲಿ ಈ ಅಧಿಕಾರ ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ ಅವರು ವರ್ಗವಾದ ದಿನ ಬೀಗದ ಕೈಯೂ ವರ್ಗವಾಗುತ್ತದೆ. ಕನಿಷ್ಠ ಇಬ್ಬರಲ್ಲಿ ಇರಬೇಕೆಂಬುದು ನಮ್ಮ ಅಭಿಪ್ರಾಯ.

೮. ಬಿಟ್ಟುಹೋದವರ ಖಾತೆ

ಕೊನೆಯದಾಗಿ ಉತ್ತರಾಧಿಕಾರದ ಪ್ರಶ್ನೆ. ವಿಶ್ವವಿದ್ಯಾನಿಲಯಗಳಿಗೆ ಇದು ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಅಲ್ಲಿ ವಿದ್ಯಾರ್ಥಿಗಳು ಬರುವುದೇ ಹೋಗುವುದಕ್ಕಾಗಿ. ಬಸವರಾಜರು ಪದವಿ ಪಡೆದು ಹೊರಟರೆನ್ನೋಣ. ಮೇಲ್ವಿಚಾರಕರು ‘ಯೂಸರ್‌ಡೆಲ್’ ಆದೇಶವನ್ನು ಕೊಟ್ಟರೆ ಪಟ್ಟಿಯಿಂದ ಅವರ ಸಾಲು ಅಳಿಸಿಹೋಗುತ್ತದೆ. ಅದರೊಡನೆ ‘ಆರ್’ ಎಂಬ ಅಕ್ಷರವನ್ನೂ ಬರೆದರೆ ಅವರ ಮನೆಯೂ, ಅದರಲ್ಲಿದ್ದ ಟಿಪ್ಪಣಿಗಳೂ ಹೋಗುತ್ತವೆ. ಬರೆಯದಿದ್ದರೆ ಕಡತಗಳು ಉಳಿಯುತ್ತವೆ. ಆದರೆ ಒಡೆಯನ ಹೆಸರಿನ ಸ್ಥಾನ‌ದಲ್ಲಿ ೧೦೦೫ ಎಂಬ ಬರಿಯ ಸಂಖ್ಯೆ ಕಾಣುತ್ತದೆ.

ಇದಕ್ಕಿಂತ ಹೆಚ್ಚಿನ ತೊಡಕು ಅನಂತರ ಬರುತ್ತದೆ. ಹೊಸ ಖಾತೆಯನ್ನು ತೆರೆಯುವಾಗ ಯಂತ್ರವು ಸಾಮಾನ್ಯವಾಗಿ ಪಟ್ಟಿಯಲ್ಲಿರುವ ಅತಿ ದೊಡ್ಡ ಸಂಖ್ಯೆಗೆ ಮುಂದಿನದನ್ನು ಕೊಡುತ್ತದೆ. ಅಳಿಸಿದ ಖಾತೆಯ ೧೦೦೫ ಕಡೆಯ ಸಂಖ್ಯೆಯಾಗಿದ್ದಲ್ಲಿ, ಮುಂದೆ ಬಂದ ವಿದ್ಯಾರ್ಥಿಗೆ ಅದೇ ೧೦೦೫ ದೊರೆಯುತ್ತದೆ. ಆ ಕ್ಷಣದಿಂದ ಬಸವರಾಜರ ಕಡತಗಳೆಲ್ಲ ಆತನವು. ಆತನು ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಆದರೂ ಒಡೆತನ ಕೈಬದಲಾಯಿತು. ಮುಂದೆಂದಾದರೂ ಈ ಪಾಠಗಳನ್ನು ಸಿದ್ಧಪಡಿಸಿದವರು ಯಾರೆಂಬ ಪ್ರಶ್ನೆ ಬಂದರೆ ಯಂತ್ರ ತಪ್ಪು ಉತ್ತರವನ್ನು ಕೊಡುತ್ತದೆ. ಆ ಉತ್ತರ ತಪ್ಪೆಂದು ತೋರಿಸುವ ಗುರುತು ಯಾವುದೂ ಕಡತದ ಮೇಲಿರುವುದಿಲ್ಲ.

ಆದುದರಿಂದ ಬಿಟ್ಟುಹೋದವರ ಖಾತೆಯನ್ನು ಅಳಿಸಬಾರದು, ಮುಚ್ಚಬೇಕು. ‘ಯೂಸರ್‌ಮಾಡ್’ ಆದೇಶಕ್ಕೆ ದೊಡ್ಡಕ್ಷರದ ‘ಎಲ್’ ಸೇರಿಸಿದರೆ ಗುಪ್ತಪದದ ದಾರಿ ಮುಚ್ಚುತ್ತದೆ. ಇದಷ್ಟೇ ಸಾಲದು. ದೂರದಿಂದ ಒಳಬರಲು ಗುಪ್ತಪದದ ಬದಲಿಗೆ ಕೀಲಿ-ಕಡತವನ್ನು ಬಳಸುವವರಿಗೆ ಈ ಬೀಗ ತಾಗುವುದಿಲ್ಲ. ಅದಕ್ಕಾಗಿ ಖಾತೆಯ ಅವಧಿಯೇ ಮುಗಿದಿದೆಯೆಂದು ದಿನಾಂಕವನ್ನು ನಮೂದಿಸಬೇಕು. ಹೀಗೆ ಮಾಡಿದರೆ ವ್ಯಕ್ತಿ ಒಳಬರಲಾರ. ಆದರೆ ಸಾಲು ಉಳಿಯುತ್ತದೆ, ಸಂಖ್ಯೆ ಮೀಸಲಾಗಿರುತ್ತದೆ, ಕಡತಗಳು ತಮ್ಮ ಕರ್ತೃವಿನ ಹೆಸರನ್ನು ಹೇಳುತ್ತಲೇ ಇರುತ್ತವೆ. ಕಡತಗಳಿಗೆ ‘ಶಾಸನ’ ಗುಂಪಿನ ಅನುಮತಿ ಮೊದಲೇ ಇರುವುದರಿಂದ ಕೆಲಸವೂ ನಿಲ್ಲುವುದಿಲ್ಲ. ಹಿಂದೆಯೇ ಖಾತೆಗಳನ್ನು ಅಳಿಸಿಬಿಟ್ಟಿದ್ದರೆ, ‘ಫೈಂಡ್’ ಆದೇಶಕ್ಕೆ ‘ನೋಯೂಸರ್’ ಎಂಬ ಸೂಚನೆಯನ್ನು ಕೊಟ್ಟು, ಒಡೆಯರಿಲ್ಲದ ಕಡತಗಳ ಪಟ್ಟಿಯನ್ನು ಪಡೆದು, ನೆನಪಿರುವವರು ಇರುವಾಗಲೇ ಅವುಗಳ ಕರ್ತೃಗಳನ್ನು ಗೊತ್ತುಮಾಡಿ ಬರೆದಿಡುವುದು ಒಳ್ಳೆಯದು.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಗುರುತು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿರಬೇಕು. ಏಕೆಂದರೆ ಹಂಚಿಕೊಂಡ ಗುರುತು ಯಾರ ಗುರುತೂ ಅಲ್ಲ. ಅಧಿಕಾರ ಗುಂಪಿನ ಮೂಲಕ ಸಲ್ಲಬೇಕು. ಏಕೆಂದರೆ ವ್ಯಕ್ತಿಗಳು ಬದಲಾಗುತ್ತಾರೆ, ಕೆಲಸ ಮುಂದುವರಿಯುತ್ತದೆ. ದಾಖಲೆ ವ್ಯಕ್ತಿಗಿಂತ ಹೆಚ್ಚು ಕಾಲ ಬಾಳಬೇಕು. ಏಕೆಂದರೆ ಮಾಡಿದವರ ಹೆಸರಿಲ್ಲದ ಕೆಲಸ ಮುಂದಿನವರಿಗೆ ಅರ್ಧ ಆಕರ ಮಾತ್ರ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. ಮೇಲೆ ಹೇಳಿದ ಆದೇಶಗಳು ಬಹುಮಟ್ಟಿಗೆ ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಬೇಕಾದುದು ಒಂದು ಮಧ್ಯಾಹ್ನದ ಶ್ರಮ ಮತ್ತು ವರ್ಷಕ್ಕೊಮ್ಮೆ ಪಟ್ಟಿಯನ್ನು ತೆರೆದು ನೋಡುವ ಅಭ್ಯಾಸ. ಬಂದವರು ಯಾರು, ಹೋದವರು ಯಾರು, ಯಾವ ಗುಂಪಿನಲ್ಲಿ ಯಾರಿದ್ದಾರೆ ಎಂಬುದನ್ನು ವಿಭಾಗದ ಹಾಜರಿ ಪುಸ್ತಕದೊಡನೆ ಪ್ರತಿವರ್ಷವೂ ತಾಳೆನೋಡುವುದು, ಗ್ರಂಥಾಲಯದ ಪುಸ್ತಕಗಳನ್ನು ಎಣಿಸುವಷ್ಟೇ ಸಹಜವಾದ ಕರ್ತವ್ಯವಾಗಬೇಕು.